ತುಂಬದ ಗುಂಡಿ

ಮಳೆಗಾಲ ಹಿಡಿಯಿತೆಂದರೆ ಬಿದಿರುಕೊಡಿಗೆಯ ಮನೆಮನೆಯಲ್ಲೂ ಒಂದೇ ಗೋಳು. ಕಕ್ಕಸಿನ ಗುಂಡಿ ತುಂಬಿತು, ನೀರು ಇಂಗುತ್ತಿಲ್ಲ, ಹಿತ್ತಿಲ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಆ ಗೋಳು ಇಲ್ಲದ್ದು ಸರ್ವಮಂಗಳೆಯ ಮನೆಯಲ್ಲಿ ಮಾತ್ರ. ಅವಳ ಗಂಡ ಕಲ್ಲೇಶ್ ತೆಗೆಸಿದ ಗುಂಡಿ ತುಂಬಿದ್ದೇ ಇಲ್ಲ.

ಮಗಳು ಕೃತಿಕಾಗೆ ತರೀಕೆರೆ ಕಡೆಯ ಸಂಬಂಧ ಗಟ್ಟಿಯಾದಾಗ, ಪೇಟೆಯ ಬೀಗರು ಬಂದು ಹೋಗುವ ಮನೆ ಎಂದು ಹಿತ್ತಿಲಲ್ಲಿ ಹೊಸ ಬಾತ್‌ರೂಮು ಎದ್ದಿತ್ತು. ಗುಂಡಿಗೆ ಜಾಗ ಹುಡುಕುವ ಕಷ್ಟವೇ ಇರಲಿಲ್ಲ. ಹಲಸಿನ ಮರದ ಬುಡದಲ್ಲಿ ಕಲ್ಲೇಶನ ಅಜ್ಜನ ಕಾಲದಿಂದಲೂ ಒಂದು ತಗ್ಗು. ಬಚ್ಚಲ ನೀರು, ಅಕ್ಕಿ ತೊಳೆದ ನೀರು, ಕೊಟ್ಟಿಗೆ ತೊಳೆದ ನೀರು, ಎಷ್ಟು ಹೋದರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಬೇರೆಲ್ಲ ಕಡೆ ಜಂಬಿಟ್ಟಿಗೆ ಕಲ್ಲಿಗೆ ಹಾರೆ ಬಡಿದು ಆಳುಗಳ ಅಂಗೈಗೆ ಬೊಬ್ಬೆ ಬರುತ್ತಿದ್ದರೆ ಅಲ್ಲಿ ಹಾರೆ ತಾನಾಗಿಯೇ ಇಳಿಯಿತು. ಸಿಮೆಂಟಿನ ರಿಂಗು ಇಳಿಸಿ, ಮೇಲೆ ಚಪ್ಪಡಿ ಮುಚ್ಚಿದರೆ ಕೆಲಸ ಮುಗಿಯಿತು. ಮಳೆಗಾಲ ಬಂತು, ಹೋಯಿತು. ಗುಂಡಿಯಲ್ಲಿ ನೀರು ಮೇಲೇರಲಿಲ್ಲ.

"ಕಲ್ಲೇಶಣ್ಣನ ಕೈಗುಣ ಕಣ್ರೀ" ಎಂದು ಊರವರು ಹೊಗಳುತ್ತಿದ್ದರು. ಹೊಗಳಿಕೆ ಯಾವುದಕ್ಕಾದರೇನು, ಕೇಳಲು ಹಿತವಾಗಿಯೇ ಇರುತ್ತದೆ.

ಆ ಹಿತ್ತಿಲಿಂದ ಇಳಿಜಾರಿನಲ್ಲಿ, ಕೂಗಿದರೆ ಕೇಳುವಷ್ಟು ಕೆಳಗೆ, ಊರಿನ ಒರತೆ ಇತ್ತು. ಬಂಡೆಯ ಸಂದಿನಿಂದ ಒಸರಿದ ನೀರು ಕಲ್ಲಿನ ತೊಟ್ಟಿಗೆ ಬಿದ್ದು, ತುಂಬಿ, ಹಳ್ಳದ ಕಡೆ ಹರಿದು ಹೋಗುತ್ತಿತ್ತು. ಪಂಚಾಯ್ತಿಯ ಬೋರ್‌ವೆಲ್ ನೀರು ನಲ್ಲಿಯಲ್ಲಿ ಬರುತ್ತಿದ್ದರೂ ಅದಕ್ಕೆ ಕಬ್ಬಿಣದ ವಾಸನೆ. ಟೀ ಮಾಡಿದರೆ ಕರ್ರಗಾಗುತ್ತಿತ್ತು. ಅದೇನಿದ್ದರೂ ಪಾತ್ರೆಗೆ, ಬಟ್ಟೆಗೆ. ಕುಡಿಯಲು ಒರತೆಯ ನೀರೇ ಆಗಬೇಕು. ನರಸಿಂಹರಾಜಪುರದಿಂದ ಬರುವ ನೆಂಟರು ಕೂಡ ಹೋಗುವಾಗ ಒಂದು ಕ್ಯಾನು ತುಂಬಿಸಿಕೊಂಡು ಬಸ್ಸು ಹತ್ತುತ್ತಿದ್ದರು.

ಕಳೆದ ವರ್ಷ ಆಷಾಢದಲ್ಲಿ ಊರಿಗೆ ಕಾಮಾಲೆ ಬಂತು. ಹಿಡಿದವರೆಲ್ಲ ಮಲಗಿ, ಸಪ್ಪೆ ಗಂಜಿ ಕುಡಿದು, ಎದ್ದರು. ಏಳದೇ ಹೋದವಳು ಸುಲೋಚನಮ್ಮನ ಹಿರಿ ಸೊಸೆ ಸ್ಫೂರ್ತಿ. ತುಂಬು ಬಸುರಿ. ಮೊದಲು ಕಣ್ಣು ಹಳದಿಯಾಯಿತು, ಆಮೇಲೆ ಮಾತು ತೊದಲಿತು, ಶಿವಮೊಗ್ಗದ ಹಾದಿಯಲ್ಲಿ ತೀರಿಕೊಂಡಳು. ಹೊಟ್ಟೆಯೊಳಗಿನ ಮಗುವೂ ಅವಳ ಜೊತೆಗೇ ಹೋಯಿತು. ಹೇಸಿಗೆ ಸೇರಿದ ನೀರಿನಿಂದ ಬರುವ ಕಾಯಿಲೆ ಇದು, ಉಳಿದವರನ್ನು ಬಿಟ್ಟರೂ ಬಸುರಿಯರನ್ನು ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಬಾಣಂತಿತನ ಮುಗಿದ ಮೇಲೆ ಒರತೆಗೆ ಗಂಗೆಪೂಜೆ ಮಾಡಿಸಿ ಸೊಸೆಯ ಸೊಂಟದ ಮೇಲೆ ಮೊದಲ ನೀರು ತರಿಸಬೇಕೆಂದು ಸುಲೋಚನಮ್ಮ ಬಾಳೆಹೊನ್ನೂರಿನಿಂದ ಕೊಂಡುತಂದಿದ್ದ ಹಿತ್ತಾಳೆ ಬಿಂದಿಗೆ, ಸುತ್ತಿದ ಪೇಪರಿನ ಸಮೇತ ಅಟ್ಟ ಸೇರಿತು.

ಹೇಸಿಗೆ ಎಂದಕೂಡಲೇ ಊರಿನ ಕಣ್ಣೆಲ್ಲ ಹೋದದ್ದು ರೇಣುಕಪ್ಪನ ಮನೆಯ ಕಡೆಗೆ. ಅವನದೂ ಒರತೆಯ ಮೇಲುಗಡೆಯ ಮನೆ. ಅವನ ಗುಂಡಿ ಜೋರು ಮಳೆಗೆ ಅಂಗಳಕ್ಕೇ ಉಕ್ಕುತ್ತಿತ್ತು. ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ ಹೇಸಿಗೆ. ಸಾಕ್ಷಿಗೆ ಇನ್ನೇನು ಬೇಕು? ಅವತ್ತಿನಿಂದ ಅವನ ಮನೆಯ ಕೊಡ ತೊಟ್ಟಿಯನ್ನು ಮುಟ್ಟಬಾರದೆಂದಾಯಿತು. ಅವನ ಹೆಂಡತಿ ಗಿರಿಜಾ ಕೆಳಗಿನ ಹಳ್ಳದಿಂದ ನೀರು ಹೊತ್ತಳು. ಅವಳು ಎದುರು ಬಂದರೆ ಉಳಿದ ಹೆಂಗಸರು ದಾರಿಯ ಪಕ್ಕಕ್ಕೆ ಸರಿದು ತಮ್ಮ ಕೊಡಕ್ಕೆ ಸೆರಗು ಮುಚ್ಚಿಕೊಳ್ಳುತ್ತಿದ್ದರು. ಸರ್ವಮಂಗಳಾ ಸೆರಗು ಮುಚ್ಚುತ್ತಿರಲಿಲ್ಲ. ಆದರೆ ಪಕ್ಕಕ್ಕೆ ಸರಿಯುತ್ತಿದ್ದಳು.

ಶಾಂಭವಿ ಊರಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಶೃಂಗೇರಿಯ ಹುಡುಗಿ, ನೀರಿನ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯೊಂದರ ಕೆಲಸ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಒರತೆಗಳ ಹುಟ್ಟು, ದಾರಿ, ಆರೋಗ್ಯ ಎಲ್ಲವನ್ನೂ ಊರವರ ಜೊತೆ ಕೂತೇ ತಿಳಿಯುವುದು, ತಿಳಿದದ್ದನ್ನು ಊರವರ ಕೈಗೇ ಕೊಟ್ಟುಹೋಗುವುದು ಅವಳ ಯೋಜನೆ. ಅದಕ್ಕೆ ಊರಿನದೇ ಒಬ್ಬ ಹೆಂಗಸು ಜೊತೆಗಿರಬೇಕಿತ್ತು. ಸರ್ವಮಂಗಳಾ ತಾನಾಗಿಯೇ ಮುಂದೆ ಬಂದಳು. ಅವಳಿಗೆ ಇದ್ದದ್ದು ಒಂದೇ ಕಾರಣ: ಕೃತಿಕಾಗೆ ತಿಂಗಳು ನಿಂತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅವಳು ಬಂದು ಸೇರುವಷ್ಟರಲ್ಲಿ ಆ ನೀರು ಸರಿಯಾಗಬೇಕು.

ಕೊಟ್ಟಿಗೆ ಕೆಲಸ ಮುಗಿಸಿ, ಮಧ್ಯಾಹ್ನದ ಸಾರಿಗೆ ಬೇಳೆ ಬೇಯಲಿಟ್ಟು, ಅವಳು ಮನೆಮನೆ ಹತ್ತಿ ಇಳಿದಳು.

"ಎಂತದೇ ಮಂಗಳ, ಓಟು ಕೇಳಕ್ಕೆ ಬಂದಂಗೆ ಬಂದೀಯ?" ಎಂದು ನಗೆಯಾಡಿದವರಿಗೂ ಕೂತು ಹೇಳಿದಳು. "ಏನು ಗೊತ್ತಾದರೂ ಎಲ್ಲರ ಎದುರಿಗೇ ಹೇಳ್ತಾರಂತೆ. ಮುಚ್ಚಿಡದು ಇಲ್ಲ. ಒಂದು ಸಲ ಬನ್ನಿ ಮಾರಾಯ್ತಿ, ನೋಡಿ."

ಸುಲೋಚನಮ್ಮನ ಮನೆಗೆ ಮಾತ್ರ ಕೊನೆಗೆ ಹೋದಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವಳಿಗೆ ಅಕ್ಕನ ಹಾಗೆ ಇದ್ದವಳು. ಕೃತಿಕಾಳನ್ನು ಹೆತ್ತಾಗ ಎಣ್ಣೆ ಹಚ್ಚಿ ನೀರು ಹೊಯ್ದವಳು ಆ ಸುಲೋಚನಮ್ಮನೇ.

"ಅದೆಲ್ಲ ಮಾಡಿದ್ರೆ ಸತ್ತೋಳು ಬರ್ತಾಳನೇ?" ಎಂದಳು ಸುಲೋಚನಮ್ಮ, ಒಲೆಯಿಂದ ಮುಖ ಎತ್ತದೆ.

"ಇಲ್ಲ ಅಕ್ಕ. ಆದರೆ ಯಾರಿಂದ ಆಯ್ತು ಅಂತ ಗೊತ್ತಾಗುತ್ತೆ."

ಸುಲೋಚನಮ್ಮ ಆಗ ಮುಖ ಎತ್ತಿದಳು. "ಹಂಗಾದ್ರೆ ಬತ್ತೀನಿ" ಎಂದಳು.

ಶಾಲೆಯ ಅಂಗಳದಲ್ಲಿ ಊರಿನ ನಕ್ಷೆ ಬರೆದರು. ಕಾಗದವಿಲ್ಲ, ಪೆನ್ನಿಲ್ಲ, ರಂಗೋಲಿ ಪುಡಿಯಲ್ಲಿ ದಾರಿ, ಬೂದಿಯಲ್ಲಿ ಗುಡ್ಡ, ನಡುವೆ ಒರತೆಗೆ ಒಂದು ತಟ್ಟೆ ನೀರು. ಅವರವರ ಮನೆಯ ಜಾಗದಲ್ಲಿ ಅವರವರೇ ಒಂದು ಹಂಚಿನ ಚೂರು ಇಡಬೇಕು. ನಗು, ಜಗಳ, "ನಿಮ್ಮನೆ ಅಷ್ಟು ದೊಡ್ಡದಾ?" ಎಂಬ ಕೀಟಲೆ ಎಲ್ಲ ಆಯಿತು. ಸುಲೋಚನಮ್ಮ ಎದ್ದು ಹೋಗಿ, ಒಲೆಯಿಂದಲೇ ತಂದಿದ್ದ ಇದ್ದಿಲ ತುಂಡೊಂದನ್ನು ರೇಣುಕಪ್ಪನ ಮನೆಯ ಹಂಚಿನ ಮೇಲಿಟ್ಟು ಬಂದು ಕೂತಳು. ರೇಣುಕಪ್ಪ ಅಲ್ಲೇ ಅಂಗಳದ ತುದಿಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ಯಾರೂ ಅದನ್ನು ತೆಗೆಯಲಿಲ್ಲ.

ಆಮೇಲೆ ಶಾಂಭವಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಗುಂಡಿ ಎಲ್ಲಿದೆ, ಯಾವಾಗ ತೆಗೆಸಿದ್ದು, ಎಷ್ಟು ದಿನಕ್ಕೆ ತುಂಬುತ್ತದೆ. ಸರ್ವಮಂಗಳೆಯ ಸರದಿ ಬಂದಾಗ ಅವಳು ಹೇಳುವ ಮೊದಲೇ ನಾಲ್ಕು ಹೆಂಗಸರು ಹೇಳಿದರು: "ಅವರ ಮನೇದು ತುಂಬಲ್ಲ ಮೇಡಂ!"

"ತುಂಬೋದೇ ಇಲ್ವ?" ಬರೆಯುತ್ತಿದ್ದ ಶಾಂಭವಿಯ ಕೈ ನಿಂತಿತು.

"ಇಲ್ಲ" ಎಂದಳು ಸರ್ವಮಂಗಳಾ, ಸ್ವಲ್ಪ ಹೆಮ್ಮೆಯಲ್ಲೇ.

"ಹಾಗಾದ್ರೆ ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ ಅಕ್ಕ?"

"ಭೂಮ್ತಾಯಿ ಕುಡೀತಾಳೆ!" ಎಂದಳು. ಎಲ್ಲರೂ ನಕ್ಕರು. ಶಾಂಭವಿಯೂ ನಕ್ಕಳು, ಆದರೆ ಅವಳ ಕಣ್ಣು ನೆಲದ ನಕ್ಷೆಯ ಮೇಲೆ ಹಲಸಿನ ಮರದಿಂದ ಇಳಿದು ನೀರಿನ ತಟ್ಟೆಯ ಹತ್ತಿರ ನಿಂತದ್ದನ್ನು ಸರ್ವಮಂಗಳಾ ಕಂಡಳು.

ಆ ನೋಟ ಅವಳ ಜೊತೆ ಮನೆಗೆ ಬಂತು. ಅಕ್ಕಿ ಆರಿಸುವಾಗ, ಹಾಲು ಕರೆಯುವಾಗ, ಬೆನ್ನಿಗೆ ಅಂಟಿದ ಜೇಡರ ಬಲೆಯ ಹಾಗೆ ಅದು ಬಿಡಲಿಲ್ಲ. ಹಿಂದಿನ ವರ್ಷ ಬೀಗರು ಬರುವ ಮುನ್ನ ಬಾತ್‌ರೂಮಿಗೆ ಫಿನಾಯಿಲ್ ಸುರಿದು ತೊಳೆದಿದ್ದು, ಆ ಸಂಜೆ ಒರತೆಯಲ್ಲಿ ಕೊಡ ಮುಳುಗಿಸುವಾಗ ಅದೇ ವಾಸನೆ ಬಂದದ್ದು ನೆನಪಾಯಿತು. ಕೈಯಿಂದ ಬಂದಿರಬೇಕು ಎಂದುಕೊಂಡಿದ್ದಳು ಆಗ. ಮಾರನೆಯ ದಿನ ಬೆಳಿಗ್ಗೆ ಕಲ್ಲೇಶ್ ಗದ್ದೆಗೆ ಹೋದ ಮೇಲೆ ಫಿನಾಯಿಲ್ ಬಾಟಲಿಯನ್ನು ಪೂರ್ತಿ ಗುಂಡಿಗೆ ಬಗ್ಗಿಸಿ, ಮೇಲಿಂದ ಬಕೆಟ್ಟುಗಟ್ಟಲೆ ನೀರು ಹೊಯ್ದಳು. ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದುಕೊಂಡಳು. ಬಟ್ಟೆ ಒಗೆಯುವ ನೆಪದಲ್ಲಿ ಒರತೆಯ ಹತ್ತಿರ ಹೋಗಿ ಕೂತಳು.

ಊಟದ ಹೊತ್ತಿಗೆ ವಾಸನೆ ಬಂತು. ಮೊದಲು ಇದೆಯೋ ಇಲ್ಲವೋ ಎನ್ನುವಷ್ಟು. ಬಂಡೆಯ ಸಂದಿಗೆ ಮೂಗು ಹಿಡಿದಳು. ಅಲ್ಲಿಂದಲೇ.

ಸ್ಫೂರ್ತಿ ಸಾಯುವ ವಾರ ಅವಳಿಗೆಂದು ಇದೇ ತೊಟ್ಟಿಯ ನೀರಲ್ಲಿ ನಿಂಬೆಹಣ್ಣು ಹಿಂಡಿ ಶರಬತ್ತು ಮಾಡಿಕೊಟ್ಟವಳು ತಾನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಗಂಡನಿಗೆ ಹೇಳಿದಳು. ಕಲ್ಲೇಶ್ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಯಾರ ಹತ್ರಾದ್ರೂ ಬಾಯಿ ಬಿಟ್ಟೀಯ?"

"ಇಲ್ಲ."

"ಬಿಡಬೇಡ. ಪರಮೇಶ್ವರಪ್ಪನ ಮನೆಯವರು ಸುಮ್ಮನೆ ಬಿಡ್ತಾರಾ ನಮ್ಮನ್ನ? ರೇಣುಕಪ್ಪಂಗೆ ಮಾಡಿದ್ದು ನೋಡಿಲ್ವ ನೀನು?" ಪರಮೇಶ್ವರಪ್ಪ ಎಂದರೆ ಸುಲೋಚನಮ್ಮನ ಗಂಡ, ಊರಿನಲ್ಲಿ ಅವನ ಮಾತೇ ಮಾತು.

"ಗುಂಡಿನಾದ್ರೂ ಮುಚ್ಚನ ಕಣ್ರೀ. ಬೇರೆ ಕಡೆ ತೆಗೆಸನ."

"ಈಗ ಮುಚ್ಚಿದ್ರೆ ಯಾಕೆ ಮುಚ್ಚಿದ್ರಿ ಅಂತ ಕೇಳಲ್ವ? ಮಗಳು ಹೆರಿಗೆಗೆ ಬರೋ ಮನೇಲಿ ಕಕ್ಕಸು ಕಿತ್ತು ಹಾಕಿದ್ರು ಅಂತ ಬೀಗರು ನಗಲ್ವ? ಹೆರಿಗೆ ಆಗ್ಲಿ. ಆಮೇಲೆ ನೋಡನ."

ಆಮೇಲೆ ಎಂಬ ಮಾತು ಸರ್ವಮಂಗಳೆಗೂ ತಂಪೆನಿಸಿತು. ಹೆರಿಗೆಯಾಗಲಿ, ಬಾಣಂತಿತನ ಮುಗಿಯಲಿ. ಅಲ್ಲಿಯವರೆಗೆ ಮಗಳಿಗೆ ಬೋರಿನ ನೀರನ್ನೇ ಕುದಿಸಿ, ಸೋಸಿ ಕೊಟ್ಟರಾಯಿತು. ಊರವರೂ ಹೇಗೂ ಈಗ ಕಾಸಿಯೇ ಕುಡಿಯುತ್ತಿದ್ದಾರೆ.

ಆದರೆ ಶಾಂಭವಿ ಆಮೇಲೆ ಎಂದು ಕಾಯುವವಳಲ್ಲ. ಶ್ರಾವಣದಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಒಂದು ಡಬ್ಬಿ ಹಿಡಿದು ಬಂದಳು. ಒಳಗೆ ಕುಂಕುಮದ ಬಣ್ಣದ ಪುಡಿ. ಚಿಟಿಕೆಯಷ್ಟನ್ನು ಬಕೆಟ್ ನೀರಿಗೆ ಹಾಕಿ ತೋರಿಸಿದಳು. ನೀರು ಎಳೆ ಬಾಳೆಸುಳಿಯ ಹಸಿರಾಗಿ ಹೊಳೆಯಿತು. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು.

"ಕುಡಿದ್ರೂ ಏನೂ ಆಗಲ್ಲ, ಹೆದರಬೇಡಿ" ಎಂದಳು ಶಾಂಭವಿ. "ಒರತೆಯ ಮೇಲೆ ಇರೋ ಗುಂಡಿಗಳಿಗೆ ಒಂದೊಂದಕ್ಕೇ ಹಾಕೋಣ. ಒರತೇಲಿ ಈ ಬಣ್ಣ ಬಂದರೆ ಆ ಗುಂಡಿಯಿಂದ ದಾರಿ ಇದೆ ಅಂತ. ಈ ವಾರ ರೇಣುಕಪ್ಪನವರದು. ಮುಂದಿನ ವಾರ ಮಂಗಳಕ್ಕಂದು. ಯಾರ ಒಪ್ಪಿಗೆ ಇಲ್ಲದೇನೂ ಹಾಕಲ್ಲ."

"ನಮ್ಮ ಗುಂಡಿಗೆ ಹೋಳಿ ಆಡಿಸ್ತೀರಿ ಅನ್ನಿ" ಎಂದ ರೇಣುಕಪ್ಪ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತ್ತು. "ಹಾಕಿ ಮೇಡಂ, ಧಾರಾಳವಾಗಿ ಹಾಕಿ. ನಮ್ಮದೇನಿದ್ರೂ ಅಂಗಳಕ್ಕೆ ಬರುತ್ತೆ. ಒರತೆಗೆ ಹೋಗಿದ್ರೆ ನಮ್ಮ ಅಂಗಳ ಯಾಕೆ ನಾರ್ತಿತ್ತು?"

ಬಣ್ಣ ಹಾಕಿದ್ದು ಬೆಳಿಗ್ಗೆ. ಒರತೆಯ ಹತ್ತಿರ ಸರದಿಯಲ್ಲಿ ಒಬ್ಬೊಬ್ಬರು ಕಾಯುವುದು, ಆಗಾಗ ಬಾಟಲಿಯಲ್ಲಿ ನೀರು ಹಿಡಿದಿಡುವುದು ಎಂದು ಊರವರೇ ಹಂಚಿಕೊಂಡರು. ಉಳಿದ ಪುಡಿಯ ಡಬ್ಬಿಯನ್ನು ಶಾಂಭವಿ ಸರ್ವಮಂಗಳೆಯ ಕೈಗೆ ಕೊಟ್ಟು, "ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಕ್ಕ, ಮುಂದಿನ ವಾರಕ್ಕೆ ಬೇಕು" ಎಂದಳು.

ಮೊದಲು ಕಾದವರಿಗೆ ಏನೂ ಕಾಣಲಿಲ್ಲ. ಸುಲೋಚನಮ್ಮ ತನ್ನ ಸರದಿ ಮುಗಿದರೂ ಏಳದೆ ತೊಟ್ಟಿಯನ್ನೇ ನೋಡುತ್ತಿದ್ದಳು. ಊಟದ ಹೊತ್ತಿಗೆ ಸರ್ವಮಂಗಳಾ ಬಂದು, "ನೀವು ಹೋಗಿ ಉಣ್ಣಿ ಅಕ್ಕ, ಬೆಳಿಗ್ಗಿಂದ ಹಂಗೇ ಕೂತಿದೀರಿ. ನಾನಿರ್ತೀನಿ" ಎಂದು ಎಬ್ಬಿಸಿ ಕಳಿಸಿದಳು.

ಬರುವಾಗ ಅವಳು ಏನೂ ಗಟ್ಟಿ ಮಾಡಿಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೆರಗಿನ ಗಂಟಿನಲ್ಲಿ ಒಣಗಿದ ಬಾಳೆಲೆಯ ಚೂರು, ಅದರೊಳಗೆ ಚಿಟಿಕೆ ಪುಡಿ ಇತ್ತು. ಮುಂದಿನ ವಾರ ಹಲಸಿನ ಮರದ ಬುಡಕ್ಕೆ ಇದೇ ಪುಡಿ ಬೀಳುತ್ತದೆ. ಅಷ್ಟು ಹೊತ್ತಿಗೆ ಊರೆಲ್ಲ ಇಲ್ಲಿ ನಿಂತಿರುತ್ತದೆ. ಮಗಳು ಏಳನೇ ತಿಂಗಳ ಕುಬಸ ಮುಗಿಸಿಕೊಂಡು ಬಂದಾಗ ಯಾರೂ ಅವಳ ಮುಖ ನೋಡುವುದಿಲ್ಲ, ಯಾರೂ ಹೆರಿಗೆಗೆ ಬರುವುದಿಲ್ಲ, ಒಂದು ಕೊಡ ನೀರಿಗೆ ಅವಳು ಹಳ್ಳಕ್ಕೆ ಇಳಿಯಬೇಕು. ರೇಣುಕಪ್ಪನವರಿಗೆ ಹೇಗೂ ಆಗಿಹೋಗಿದೆ. ಅವರಿಗೆ ಹೊಸದಾಗಿ ಆಗುವುದೇನಿದೆ?

ಬಂಡೆಯ ಸಂದಿಗೆ ಬಾಳೆಲೆಯ ಚೂರನ್ನು ಒಡ್ಡಿ ಊದಿದಳು.

ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು ಆ ಹಸಿರು. ಬೆರಳ ತುದಿಗೆ ಹತ್ತಿದ ಬಣ್ಣ ಉಜ್ಜಿದಷ್ಟೂ ಹರಡಿತು. ಮನೆಗೆ ಓಡಿ ಅರಿಶಿನ ಕಲೆಸಿ ಎರಡೂ ಕೈಗೆ ಹಚ್ಚಿಕೊಂಡು ಹೊರಗೆ ಬಂದು, "ಬನ್ರೇ! ಬಂತು! ಬಣ್ಣ ಬಂತು!" ಎಂದು ಕೂಗಿದಳು.

ಊರು ಓಡಿ ಬಂತು. ಎಲ್ಲರಿಗಿಂತ ಮೊದಲು ಬಂದವಳು ಸುಲೋಚನಮ್ಮ, ಕೈಯಲ್ಲಿ ಅನ್ನದ ಅಗುಳು ಹಾಗೇ ಇತ್ತು. ತೊಟ್ಟಿಯನ್ನು ನೋಡಿದಳು. ತಿರುಗಿ, ಹಿಂದೆ ನಿಂತಿದ್ದ ರೇಣುಕಪ್ಪನ ಮುಖಕ್ಕೆ ಅದೇ ಎಂಜಲು ಕೈಯಲ್ಲಿ ಹೊಡೆದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಅವನೂ ತೊಟ್ಟಿಯನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದು, ತನ್ನ ಕಣ್ಣನ್ನೇ ನಂಬಬೇಕೋ ಬೇಡವೋ ತಿಳಿಯದವನ ಹಾಗೆ.

ಶಾಂಭವಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದಳು. "ಬರೋದಾದ್ರೆ ಮೆಲ್ಲಗೆ, ತಿಳಿಯಾಗಿ ಶುರುವಾಗಬೇಕಿತ್ತು. ಇದು ಒಂದೇ ಸಲಕ್ಕೆ ಇಷ್ಟು ಗಾಢ... ಇನ್ನೊಂದು ಸಲ ಮಾಡೋಣ. ಬೇರೆ ಗುಂಡಿಗಳದೂ ನೋಡಲೇಬೇಕು."

"ಸಾಕು ಮಾಡಿ ಮೇಡಂ" ಎಂದ ಪರಮೇಶ್ವರಪ್ಪ. "ಕಳ್ಳ ಸಿಕ್ಕಿದ ಮೇಲೆ ಸಂಭಾವಿತರ ಮನೇನೂ ಶೋಧ ಮಾಡ್ತಾರಾ?"

ಶಾಂಭವಿ ಸರ್ವಮಂಗಳೆಯ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಅಕ್ಕ. ನಿಮ್ಮನೆಯದಾದ್ರೂ ನೋಡೋಣ."

"ಊರವರು ಬೇಡ ಅಂದ ಮೇಲೆ ನಾನೆಂತ ಹೇಳದು ಮೇಡಂ?" ಎಂದಳು ಸರ್ವಮಂಗಳಾ, ಮೆತ್ತಗಿನ ದನಿಯಲ್ಲಿ. "ಊರಿನ ತೀರ್ಮಾನವೇ ದೊಡ್ಡದು ಅಂತ ನೀವೇ ಕಲಿಸಿಕೊಟ್ಟಿದ್ರಲ್ಲ."

ಶಾಂಭವಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡಳು. ಪರೀಕ್ಷೆ ಅರ್ಧಕ್ಕೇ ನಿಂತಿದೆ, ಮಳೆ ಪೂರ್ತಿ ಬಿಟ್ಟ ಮೇಲೆ ಬಂದು ನೀರನ್ನು ಮತ್ತೆ ಪರೀಕ್ಷೆ ಮಾಡುತ್ತೇನೆ, ಅಲ್ಲಿಯವರೆಗೂ ಕುದಿಸಿಯೇ ಕುಡಿಯಿರಿ ಎಂದು ಸಾರಿ ಸಾರಿ ಹೇಳಿ ಹೋದಳು. ಅದನ್ನು ಮನೆಮನೆಗೆ ಮುಟ್ಟಿಸುವ ಕೆಲಸವೂ ಸರ್ವಮಂಗಳೆಯದೇ.

ಮಾರನೆಯ ದಿನವೇ ಗಂಡಸರು ರೇಣುಕಪ್ಪನ ಗುಂಡಿಗೆ ಕಲ್ಲು ಮಣ್ಣು ತುಂಬಿದರು. ಕಕ್ಕಸಿನ ಬಾಗಿಲು ಕಿತ್ತು ಹಳ್ಳಕ್ಕೆ ಎಸೆದರು. ಬೆಳಗಾಗುವ ಮೊದಲು ಗಿರಿಜಾ ಕಾಡಿನಂಚಿಗೆ ಹೋಗಿ ಬರುವುದನ್ನು ಕಾದು ಕೂತು ಕೇಕೆ ಹಾಕಿದರು. ಶಾಲೆಯ ಗೋಡೆಯ ಮೇಲೆ ಒರತೆಯ ನಕ್ಷೆ ಬಣ್ಣದಲ್ಲಿ ಮೂಡಿತು, ಕಲಿತದ್ದು ಮುಂದಿನವರಿಗೂ ತಿಳಿಯಲಿ ಎಂದು. ಪರಮೇಶ್ವರಪ್ಪ ತಾನೇ ನಿಂತು ಬರೆಸಿದ. ನಕ್ಷೆಯಲ್ಲಿ ಒಂದೇ ಒಂದು ಮನೆಗೆ ಕೆಂಪು ಬಣ್ಣ.

ಗೌರಿ ಹಬ್ಬದ ಹಿಂದುಮುಂದಿಗೆ ರೇಣುಕಪ್ಪ ಮನೆಗೆ ಬೀಗ ಹಾಕಿದ. ಕೆರೆಕಟ್ಟೆಯ ಹತ್ತಿರ ಗಿರಿಜೆಯ ತಮ್ಮನ ಮನೆಯ ಪಕ್ಕ ಒಂದು ಗುಡಿಸಲು ಸಿಕ್ಕಿತ್ತಂತೆ. ಬಸ್ಸಿಗೆ ಕಾಯುತ್ತಿದ್ದ ಅವರ ಹತ್ತಿರ ಹೋದವಳು ಸರ್ವಮಂಗಳಾ ಒಬ್ಬಳೇ. ಹೋಳಿಗೆ ಕಟ್ಟಿಕೊಂಡು ಹೋಗಿದ್ದಳು. ಗಿರಿಜಾ ಆ ಕಟ್ಟನ್ನು ಎದೆಗೆ ಒತ್ತಿಕೊಂಡು ಅತ್ತಳು.

"ಈ ಊರಲ್ಲಿ ನಮ್ಮ ಹತ್ರ ಮಾತಾಡ್ದೋರು ನೀವೊಬ್ರೇ ಮಂಗಳಕ್ಕ. ನಿಮ್ಮ ಮಗಳು ಸುಖವಾಗಿ ಹೆತ್ಕೊಳ್ಲಿ."

ರೇಣುಕಪ್ಪ ಮಾತ್ರ ಅವಳ ಮುಖ ನೋಡಲಿಲ್ಲ. ಅವಳ ಕೈ ನೋಡುತ್ತಿದ್ದ. ಅರಿಶಿನ ಎಂದೋ ಹೋಗಿತ್ತು. ಆದರೂ ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಊರು ಹಗುರಾಯಿತು. ಗುಂಡಿ ಮುಚ್ಚಿದ ಮೇಲೆ ಒರತೆಗೆ ಮೊದಲಿನ ರುಚಿ ಬಂತು ಎಂದರು. "ಸ್ವಲ್ಪ ದಿನ ಕಾಸಿಯೇ ಕುಡೀರಿ, ಮೇಡಂ ಹೇಳಿದಾರೆ" ಎಂದು ಸರ್ವಮಂಗಳಾ ಒಂದೆರಡು ಮನೆಯಲ್ಲಿ ಹೇಳಿ ನೋಡಿದಳು. "ಎಂತ ಮಾರಾಯ್ತಿ, ಹಿಡ್ಕೊಟ್ಟೋಳು ನೀನೇ, ಈಗ ನಿಂಗೇ ನಂಬಿಕೆ ಇಲ್ವ?" ಎಂದು ನಕ್ಕರು. ಅವರ ನಗುವಿನೊಳಗೆ ಏನಾದರೂ ಅನುಮಾನ ಇದೆಯೋ ಎಂದು ಅವಳಿಗೆ ಭಯವಾಯಿತು. ಮುಂದಿನ ಮನೆಗಳಿಗೆ ಹೋಗಲಿಲ್ಲ.

ಕೃತಿಕಾ ಬಂದಳು. ಏಳು ತುಂಬಿದ ಹೊಟ್ಟೆ, ಕೈತುಂಬ ಹಸಿರು ಬಳೆ. ಸರ್ವಮಂಗಳಾ ಬೋರಿನ ನೀರನ್ನು ಸೋಸಿ, ಕೊತಕೊತ ಕುದಿಸಿ, ಜೀರಿಗೆ ಹಾಕಿ ಆರಿಸಿ ಕೊಡುತ್ತಿದ್ದಳು. "ಅಮ್ಮ, ತುಕ್ಕು ನೆಕ್ಕಿದ ಹಾಗಾಗುತ್ತೆ. ಒರತೆ ನೀರು ಕೊಡೆ" ಎಂದು ಮಗಳು ಮುಖ ಸಿಂಡರಿಸಿದರೆ, "ಡಾಕ್ಟರು ಇದನ್ನೇ ಕೊಡಿ ಅಂದಿದಾರೆ ಕೂಸೆ, ಕುಡಿ" ಎಂದು ತಲೆ ಸವರುತ್ತಿದ್ದಳು. ಮಧ್ಯಾಹ್ನ ತಾಯಿ ಕೊಟ್ಟಿಗೆಯ ಕಡೆ ಹೋದಾಗ ಹುಡುಗಿ ಮೆಲ್ಲಗೆ ನಡೆದು ಸುಲೋಚನಮ್ಮನ ಮನೆಗೆ ಹೋಗಿ, ಅವಳ ಕಿರಿ ಸೊಸೆಯ ಜೊತೆ ಹರಟಿ ಬರುತ್ತಿದ್ದಳು. ನಡೆದಾಡಿದರೆ ಒಳ್ಳೆಯದೇ ಎಂದು ಸರ್ವಮಂಗಳಾ ಸುಮ್ಮನಿದ್ದಳು.

ದೀಪಾವಳಿ ಹತ್ತಿರವಾದ ಒಂದು ಬೆಳಿಗ್ಗೆ ಸುಲೋಚನಮ್ಮ ಬಂದಳು. ಸೊಂಟದ ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಬಿಂದಿಗೆ, ಕೈಯಲ್ಲಿ ಬೆಲ್ಲದ ಚೂರು. ಸೊಸೆ ಹೋದ ಮೇಲೆ ಆ ಮುಖದಲ್ಲಿ ಇಂಥ ಬೆಳಕು ಕಂಡಿರಲಿಲ್ಲ.

"ಮೊದಲು ಬಾಯಿ ತೆಗಿ ಮಂಗಳ" ಎಂದು ಬೆಲ್ಲ ಬಾಯಿಗಿಟ್ಟಳು. "ಯಾರಿಗೂ ಹೇಳಿಲ್ಲ, ನಿಂಗೇ ಮೊದಲು. ನಮ್ಮ ಕಿರಿ ಸೊಸೆಗೆ ತಿಂಗಳು ನಿಂತಿದೆ."

ಸರ್ವಮಂಗಳೆಯ ಬಾಯಲ್ಲಿ ಬೆಲ್ಲ ಕರಗಲಿಲ್ಲ.

"ವಾಂತಿ ಕಣೆ, ಅನ್ನ ಕಂಡ್ರಾಗಲ್ಲ. ಆ ಒರತೆ ನೀರೊಂದೇ ನೋಡು ಅವಳಿಗೆ ಸೇರದು. ತೊಟ್ಟಿಯಿಂದ ತಂದದ್ದೇ ಹಂಗೇ ಚೊಂಬುಗಟ್ಟಲೆ ಕುಡೀತಾಳೆ. ಕುಡಿ ತಾಯಿ, ಈಗೆಂತ ಭಯ, ಅಂದೆ." ಬಿಂದಿಗೆಯನ್ನು ಜಗುಲಿಯ ಮೇಲಿಟ್ಟಳು. "ಇದು ಯಾರಿಗೆ ತಂದಿದ್ದು ಅಂತ ನಿಂಗೆ ಗೊತ್ತಲ್ಲ. ಇವತ್ತು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿದೆ. ನೀನಿಲ್ದಿದ್ರೆ ಆ ನೀರು ಇನ್ನೂ ಹೇಸಿಗೆ ಆಗೇ ಇರ್ತಿತ್ತು. ಅದಕ್ಕೆ ಇದರ ಮೊದಲ ನೀರು ನಿನ್ನ ಮಗಳಿಗೇ. ಕೃತೀ, ಬಾರೆ ಇಲ್ಲಿ. ಲೋಟ ತಗಂಡು ಬಾ."

"ಕೊಡಿ ಅಕ್ಕ, ನಂಗೇ ಬಾಯಾರಿದೆ" ಎಂದು ಸರ್ವಮಂಗಳಾ ಮಗಳ ಕೈಯ ಲೋಟವನ್ನು ತಾನೇ ತೆಗೆದುಕೊಂಡು, ಸುಲೋಚನಮ್ಮ ಬಗ್ಗಿಸಿದ ನೀರನ್ನು ಒಂದೇ ಉಸಿರಿಗೆ ಕುಡಿದಳು.

"ಅಯ್ಯ, ಮಗಳಿಗೆ ಅಂತ ತಂದ್ರೆ ಅಮ್ಮಂಗೇ ಅವಸರ!" ಸುಲೋಚನಮ್ಮ ನಕ್ಕು ಮತ್ತೆ ತುಂಬಿಸಿದಳು.

"ಅವಳಿಗೆ ಶೀತ ಆಗಿದೆ. ಬಿಸಿನೀರೇ..."

"ಎಲ್ಲಿ ಶೀತ ಅಮ್ಮ?" ಎಂದಳು ಕೃತಿಕಾ, ತಾಯಿಯ ಒರಟುತನಕ್ಕೆ ನಾಚಿ. "ಕೊಡಿ ದೊಡ್ಡಮ್ಮ." ಲೋಟ ತುಟಿಯ ಹತ್ತಿರ ಹೋಯಿತು.

ಸರ್ವಮಂಗಳೆಯ ಕೈ ಅವಳನ್ನು ಕೇಳಲಿಲ್ಲ. ಲೋಟ ಗೋಡೆಗೆ ಬಡಿದು ಜಗುಲಿಯ ಮೇಲೆ ಉರುಳಿತು. ನೀರು ಮೂವರ ಕಾಲನ್ನೂ ತೋಯಿಸಿ ಅಂಗಳಕ್ಕೆ ಇಳಿಯಿತು.

ಸುಲೋಚನಮ್ಮ ಆ ನೀರನ್ನು ನೋಡಿದಳು. ಸರ್ವಮಂಗಳೆಯ ಮುಖ ನೋಡಿದಳು. ಬಿಂದಿಗೆಯನ್ನು ಎತ್ತಿಕೊಂಡು ಮನೆಯ ಪಕ್ಕದಿಂದ ಹಿತ್ತಿಲಿಗೆ ನಡೆದಳು. ಹಲಸಿನ ಮರದ ಬುಡದಲ್ಲಿ, ಬಚ್ಚಲ ನೀರು ಗುಂಡಿಗೆ ಇಳಿಯುವ ಬಾಯಿಯ ಹತ್ತಿರ ನಿಂತು, ಬಿಂದಿಗೆಯನ್ನು ಪೂರ್ತಿ ಬೋರಲು ಹಾಕಿದಳು. ಬಗ್ಗಿ ಕಿವಿಕೊಟ್ಟಳು. ಒಳಗೆ ಎಲ್ಲೂ ನೀರು ನಿಂತ ಸದ್ದಿಲ್ಲ. ಇಳಿದು ಹೋಗುವ ಸದ್ದಷ್ಟೇ, ದೂರ ದೂರಕ್ಕೆ.

"ಸ್ಫೂರ್ತಿ ಸತ್ತಾಗ ಗೊತ್ತಿತ್ತಾ?" ಎಂದಳು, ತಿರುಗದೆ.

"ಇಲ್ಲ ಅಕ್ಕ. ನನ್ನ ಮಗಳಾಣೆ, ಆಗ ಗೊತ್ತಿರ್ಲಿಲ್ಲ."

"ಬಣ್ಣ ಹಾಕಿದಾಗ?"

ಆಣೆ ಇಡಲು ಇನ್ನೊಂದು ಮಗು ಸರ್ವಮಂಗಳೆಗೆ ಇರಲಿಲ್ಲ.

"ನನ್ನ ಸೊಸೆ..." ಎಂದಳು ಸುಲೋಚನಮ್ಮ. ಅಷ್ಟೇ. ಬಿಂದಿಗೆ ಅವಳ ಕೈಯಿಂದ ಜಾರಿ ಚಪ್ಪಡಿಯ ಮೇಲೆ ಬಿದ್ದು ನೆಗ್ಗಿತು. ಅದನ್ನು ಅಲ್ಲೇ ಬಿಟ್ಟು ಸೀರೆ ಎತ್ತಿಕಟ್ಟಿ ಇಳಿಜಾರಿನಲ್ಲಿ ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡುವುದನ್ನು ಯಾರೂ ಕಂಡಿರಲಿಲ್ಲ. "ಕುಡೀಬೇಡ್ವೇ! ಕೆಳಗಿಡೇ ಅದನ್ನ! ಕುಡೀಬೇಡ್ವೇ!" ಎಂಬ ಕೂಗು ಮರಗಳ ಮರೆಯಿಂದ ಕೇಳುತ್ತಲೇ ಇತ್ತು. ಒಂದೊಂದೇ ಮನೆಯ ಬಾಗಿಲು ತೆರೆಯಿತು.

ಕೃತಿಕಾ ಹಿತ್ತಿಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಮ್ಮ" ಎಂದಳು. "ನೀನು ಕೊಡೋ ನೀರು ಸೇರ್ತಿರ್ಲಿಲ್ಲ. ನಾನು ದಿನಾ ಮಧ್ಯಾಹ್ನ ದೊಡ್ಡಮ್ಮನ ಮನೇಲೇ ಕುಡೀತಿದ್ದೆ. ಬಂದಾಗಿಂದಲೂ."

ಸರ್ವಮಂಗಳಾ ಹತ್ತಿರ ಹೋಗಿ ಮಗಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದಳು, ಚಿಕ್ಕಂದಿನಲ್ಲಿ ಕಸ ಬಿದ್ದಾಗ ನೋಡುತ್ತಿದ್ದ ಹಾಗೆ. ಬಿಳಿ ಇದೆಯೋ, ಹಳದಿಗೆ ತಿರುಗಿದೆಯೋ ನೋಡಬೇಕಿತ್ತು. ಕಣ್ಣಲ್ಲಿ ನೀರು ತುಂಬಿತ್ತು, ತಿಳಿಯಲಿಲ್ಲ.